ಹೊಡೆತದ ಹದ: ಪೂಲ್ ಕ್ಯೂ ಅನ್ನು ತುದಿಯಿಂದ ಬುಡದವರೆಗೆ ಪರೀಕ್ಷಿಸುವ ಬಗೆ

ಮೇಜಿನ ಮೇಲೆ ಕ್ಯೂ ಎಂಬ ಕೋಲಿನಿಂದ ಚೆಂಡು ಹೊಡೆಯುವ ಆಟವಾದ ಪೂಲ್ ಆಡುವವರು ಹೊಡೆತದ ಹದದ ಬಗ್ಗೆ, ಅಂದರೆ ಹೊಡೆದಾಗ ಕೈಗೆ ಏನು ಅನಿಸುತ್ತದೆ ಎಂಬ ಬಗ್ಗೆ, ಕೇಳುವ ಪ್ರಶ್ನೆ ಒಂದೇ, ರೂಪ ಮಾತ್ರ ಬೇರೆ ಬೇರೆ. ಸ್ಟೀಲ್ ಜಾಯಿಂಟ್ ಒಳ್ಳೆಯದೋ, ಮರಕ್ಕೆ ಮರ ಕೂಡುವ ಜಾಯಿಂಟ್ ಒಳ್ಳೆಯದೋ? ಕಾರ್ಬನ್ ಶಾಫ್ಟ್ ಹಾಕಿದರೆ ಹೊಡೆತಕ್ಕೆ ಜೀವವೇ ಇರುವುದಿಲ್ಲವಂತೆ, ನಿಜವೇ? ಗೆಳೆಯನ ಕ್ಯೂನಲ್ಲಿ ಹೊಡೆದರೆ ಮೆತ್ತಗಿರುತ್ತದೆ, ನನ್ನದರಲ್ಲಿ ಕೈ ಜುಮ್ಮೆನ್ನುತ್ತದೆ, ಏಕೆ?

ಉತ್ತರ ಹುಡುಕಲು ಹೊರಟವರು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಅಂದದಿಂದ ಶುರುಮಾಡುತ್ತಾರೆ: ಬುಡದ ಕುಸುರಿ ಕೆಲಸ, ಮರದ ಜಾತಿ, ಜಾಯಿಂಟ್‌ನ ಹೊಳಪು. ಶುರುಮಾಡಬೇಕಾದದ್ದು ತುದಿಯಿಂದ. ನಿಮಗೆ ಅನುಭವಕ್ಕೆ ಬರುವುದರಲ್ಲಿ ಹೆಚ್ಚಿನ ಪಾಲು ಮುಂದಿನ ಒಂದು ಗೇಣಿನಲ್ಲಿ ಹುಟ್ಟುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲು ನಿಮ್ಮ ಕಿವಿಯಲ್ಲಿ ಹುಟ್ಟುತ್ತದೆ ಎಂದರೆ ನಂಬುವವರು ಕಡಿಮೆ. ಅದಕ್ಕೂ ಕೆಳಗೆ ಪರೀಕ್ಷೆ ಇದೆ.

ಮೊದಲು ಹೆಸರುಗಳು. ಕ್ಯೂನ ಮುಂದಿನ ಅರ್ಧ ಶಾಫ್ಟ್, ಹಿಂದಿನ ಅರ್ಧ ಬಟ್. ಎರಡನ್ನೂ ತಿರುಪಿನಿಂದ ಕೂಡಿಸುವ ಜಾಗ ಜಾಯಿಂಟ್. ಶಾಫ್ಟ್‌ನ ಮೂತಿಗೆ ತೊಡಿಸಿದ ಬಿಳಿಯ ಕೊಳವೆಯಂಥ ತುಂಡು ಫೆರೂಲ್. ಅದರ ನೆತ್ತಿಗೆ ಅಂಟಿಸಿದ ಚರ್ಮದ ಗುಂಡಿಯೇ ಟಿಪ್. ಬಟ್‌ನಲ್ಲಿ ಕೈ ಹಿಡಿಯುವ ಜಾಗಕ್ಕೆ ಸುತ್ತಿದ ದಾರ ಅಥವಾ ಚರ್ಮವನ್ನು ರ‍್ಯಾಪ್ ಎನ್ನುತ್ತಾರೆ. ತೀರಾ ಹಿಂದೆ ರಬ್ಬರಿನ ಬಂಪರ್ ಇರುತ್ತದೆ. ಅದರೊಳಗೆ ಅನೇಕ ಕ್ಯೂಗಳಲ್ಲಿ ತೂಕ ಹೊಂದಿಸುವ ಒಂದು ಬೋಲ್ಟ್ ಅಡಗಿರುತ್ತದೆ.

ಇನ್ನೊಂದು ಮಾತನ್ನು ಆರಂಭದಲ್ಲೇ ಸ್ಪಷ್ಟಪಡಿಸಿಕೊಳ್ಳಬೇಕು. ಚೆಂಡು ಏನು ಮಾಡುತ್ತದೆ ಎಂಬುದು ಒಂದು, ಕೈಗೆ ಏನು ಅನಿಸುತ್ತದೆ ಎಂಬುದು ಇನ್ನೊಂದು. ಟಿಪ್ ಮತ್ತು ಚೆಂಡು ತಾಗಿಕೊಂಡಿರುವುದು ಸುಮಾರು 1 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬರುವ ಕ್ಯೂ ಅಷ್ಟರಲ್ಲಿ ಮುಂದೆ ಸಾಗುವುದು ಕೆಲವೇ ಮಿಲಿಮೀಟರ್. ಕೈಯ ನರಗಳು ಆ ಕಂಪನವನ್ನು ಮಿದುಳಿಗೆ ಮುಟ್ಟಿಸಲು ಹತ್ತಾರು ಮಿಲಿಸೆಕೆಂಡ್ ಬೇಕು. ಕೈಗೆ ಸುದ್ದಿ ತಲುಪುವ ಹೊತ್ತಿಗೆ ಚೆಂಡು ತನ್ನ ದಾರಿ ಹಿಡಿದಾಗಿರುತ್ತದೆ. ಹಾಗಾಗಿ ಹೊಡೆತದ ಹದ ಎಂಬುದು ಮುಗಿದ ಹೊಡೆತದ ವರದಿ. ವರದಿ ಇಂಪಾಗಿದ್ದ ಮಾತ್ರಕ್ಕೆ ಹೊಡೆತ ಚೆನ್ನಾಗಿತ್ತು ಎಂದಲ್ಲ. ಆದರೂ ಅದು ಬೇಡವಾದದ್ದೇನಲ್ಲ: ಹೊಡೆತ ನಡುವಿಗೆ ಬಿತ್ತೋ ಪಕ್ಕಕ್ಕೆ ಬಿತ್ತೋ ಎಂದು ತಿಳಿಸಿ ಮುಂದಿನ ಹೊಡೆತವನ್ನು ತಿದ್ದುವುದು ಅದೇ.

ಬೇಕಾಗುವ ಸಾಮಾನು: ನಿಮ್ಮ ಕ್ಯೂ, ಹೋಲಿಕೆಗೆ ಇನ್ನೊಂದು ಕ್ಯೂ, ಟಿಪ್ ಜಾರದಂತೆ ಅದಕ್ಕೆ ಹಚ್ಚುವ ಚಾಕ್, ಟಿಪ್‌ನ ಮೇಲ್ಮೈಯನ್ನು ಒರಟು ಮಾಡುವ ಶೇಪರ್, ವ್ಯಾಸ ಅಳೆಯಲು ಕ್ಯಾಲಿಪರ್, ಅಡುಗೆಮನೆಯ ತಕ್ಕಡಿ, ಒಂದು ಪಟ್ಟೆ ಚೆಂಡು, ಕಿವಿಗೆ ಇಡುವ ಇಯರ್‌ಪ್ಲಗ್, ತಾಳ್ಮೆಯುಳ್ಳ ಒಬ್ಬ ಜೊತೆಗಾರ. ಕೊನೆಯದು ಸಿಗುವುದೇ ಕಷ್ಟ.

1. ಮೊದಲು ದೋಷಗಳನ್ನು ಹೊರಗಟ್ಟಿ

ಸಡಿಲಾದ ಕ್ಯೂನ ಹದ ಅಳೆಯಲು ಹೋದರೆ ಅಳೆಯುವುದು ಸಡಿಲವನ್ನೇ. ಜಾಯಿಂಟ್ ಅನ್ನು ಕೈಯಲ್ಲಿ ಬಿಗಿಯಾಗುವಷ್ಟು ತಿರುಗಿಸಿ. ಶಾಫ್ಟ್‌ನ ನಡುವನ್ನು ಎರಡು ಬೆರಳಲ್ಲಿ ಹಗುರವಾಗಿ ಹಿಡಿದು, ಬಟ್ ಮೇಲೆ ಮುಷ್ಟಿಯಿಂದ ಮೆಲ್ಲಗೆ ತಟ್ಟಿ. ಒಡಕು ಮಡಕೆ ತಟ್ಟಿದಂಥ ಸದ್ದೋ, ಝುಂಯ್ ಎನ್ನುವ ಗುಂಯ್‌ಗುಡುವಿಕೆಯೋ ಕೇಳಿದರೆ ಒಂದೊಂದಾಗಿ ಹುಡುಕಿ: ಬಂಪರ್ ಸಡಿಲವಾಗಿದೆಯೇ, ಒಳಗಿನ ತೂಕದ ಬೋಲ್ಟ್ ಅಲುಗುತ್ತಿದೆಯೇ, ಜಾಯಿಂಟ್‌ನ ಪಿನ್ ಬುಡದಲ್ಲಿ ಅಂಟು ಬಿಟ್ಟಿದೆಯೇ, ಫೆರೂಲ್ ಕೆಳಗೆ ಕೂದಲೆಳೆಯ ಬಿರುಕು ಇದೆಯೇ. ಟಿಪ್‌ನ ಅಂಚನ್ನು ಉಗುರಿನಿಂದ ಎತ್ತಿ ನೋಡಿ. ಒಂದು ಬದಿ ಎದ್ದರೂ ಆ ಟಿಪ್‌ನ ಆಯುಷ್ಯ ಮುಗಿಯಿತು.

ಹೆಚ್ಚಿನ ದೂರು ಇಲ್ಲೇ ಪರಿಹಾರವಾಗುತ್ತದೆ. ಹೊಸ ಶಾಫ್ಟ್ ಕೊಳ್ಳಲು ಹೊರಟವರಲ್ಲಿ ಕೆಲವರಿಗೆ ಬೇಕಾದದ್ದು ಬೋಲ್ಟ್‌ನ ಅರ್ಧ ಸುತ್ತು ಬಿಗಿ ಮಾತ್ರ.

ಕ್ಯೂ ಸೊಟ್ಟಗಾಗಿದೆಯೇ ಎಂದು ಮೇಜಿನ ಮೇಲೆ ಉರುಳಿಸಿ ನೋಡುವ ರೂಢಿ ಇದೆ. ಉರುಳಿಸಿ, ಆದರೆ ಕೆಳಗೆ ಬೆಳಕು ಕಾಣಿಸಿದ ಮಾತ್ರಕ್ಕೆ ಗಾಬರಿಯಾಗಬೇಡಿ. ಕ್ಯೂ ಬುಡದಿಂದ ತುದಿಗೆ ಸಪೂರವಾಗುತ್ತಾ ಹೋಗುವುದರಿಂದ ಸಂದು ಇದ್ದೇ ಇರುತ್ತದೆ. ಉರುಳುವಾಗ ಆ ಸಂದು ಹೆಚ್ಚುಕಡಿಮೆಯಾದರೆ, ತುದಿ ಮೇಲೆ ಕೆಳಗೆ ಕುಣಿದರೆ ಮಾತ್ರ ಸೊಟ್ಟ.

2. ತೂಕ ಮತ್ತು ಸಮತೋಲದ ಬಿಂದು

ಪೂಲ್ ಕ್ಯೂಗಳು ಸಾಮಾನ್ಯವಾಗಿ 57ರಿಂದ 58 ಇಂಚು ಉದ್ದ, 18ರಿಂದ 21 ಔನ್ಸ್ ತೂಕ ಇರುತ್ತವೆ. 19 ಔನ್ಸ್ ಎಂದರೆ ಸುಮಾರು 540 ಗ್ರಾಂ. ನಿಮ್ಮದನ್ನು ತೂಗಿ ಬರೆದಿಟ್ಟುಕೊಳ್ಳಿ. ಅನಂತರ ಒಂದು ಬೆರಳಿನ ಮೇಲೆ ಅಡ್ಡ ಇಟ್ಟು ಎಲ್ಲಿ ಸಮವಾಗಿ ನಿಲ್ಲುತ್ತದೆ ಎಂದು ನೋಡಿ, ಹಿಂದಿನ ತುದಿಯಿಂದ ದೂರ ಅಳೆಯಿರಿ. ಹೆಚ್ಚಿನವು 18ರಿಂದ 19 ಇಂಚಿನ ಆಸುಪಾಸಿನಲ್ಲಿ ನಿಲ್ಲುತ್ತವೆ.

ಭಾರದ ಕ್ಯೂ ಚೆಂಡನ್ನು ಜೋರಾಗಿ ಓಡಿಸುತ್ತದೆ ಎಂಬ ನಂಬಿಕೆಯನ್ನು ಲೆಕ್ಕ ಹಾಕಿಯೇ ನೋಡಬಹುದು. ಚೆಂಡಿನ ತೂಕ ಸುಮಾರು 170 ಗ್ರಾಂ. ಕೈಯ ವೇಗ ಒಂದೇ ಎಂದುಕೊಂಡರೆ, 19 ಔನ್ಸ್‌ನಿಂದ 21 ಔನ್ಸ್‌ಗೆ ಏರಿದಾಗ ಚೆಂಡಿನ ವೇಗ ಹೆಚ್ಚುವುದು ಸುಮಾರು ಶೇಕಡಾ 2 ಮಾತ್ರ. ಅಷ್ಟು ಭಾರವನ್ನು ಅದೇ ವೇಗದಲ್ಲಿ ಬೀಸಲು ನಿಮಗೆ ಸಾಧ್ಯವಾಗದಿದ್ದರೆ ಆ ಲಾಭವೂ ಇಲ್ಲ. ತೂಕವನ್ನು ಆರಿಸಬೇಕಾದದ್ದು ಶಕ್ತಿಗಾಗಿ ಅಲ್ಲ, ಕೈ ನೇರವಾಗಿ ಹೋಗುವುದಕ್ಕಾಗಿ.

ಸಮತೋಲದ ಕಥೆ ಬೇರೆ. ಒಟ್ಟು ತೂಕ ಒಂದೇ ಇದ್ದರೂ ಬಿಂದು ಮುಂದಿದ್ದರೆ ಬ್ರಿಡ್ಜ್ ಕೈಯ ಮೇಲೆ, ಅಂದರೆ ಮೇಜಿನ ಮೇಲೆ ಆಸರೆಯಾಗಿಟ್ಟ ಕೈಯ ಮೇಲೆ, ಶಾಫ್ಟ್ ಭಾರವಾಗಿ ಕೂರುತ್ತದೆ. ಹಿಂದಿದ್ದರೆ ತುದಿ ಹಗುರವಾಗಿ ತೇಲಿದಂತೆ ಅನಿಸುತ್ತದೆ. ‘ಗಟ್ಟಿ ಹೊಡೆತ’ ಎಂದು ಕೆಲವರು ಹೊಗಳುವುದು ಎಷ್ಟೋ ಸಲ ಈ ಮುಂಭಾರವನ್ನೇ.

ಎಚ್ಚರಿಕೆ: ತೂಕದ ಬೋಲ್ಟ್ ಬದಲಿಸಿದರೆ ಬಿಂದುವೂ ಸರಿಯುತ್ತದೆ. ಹಿಂದೆ ತೂಕ ಸೇರಿಸಿ ಮುಂದೆ ಭಾರವಾಗಲಿ ಎಂದು ಕಾಯಬೇಡಿ.

3. ಟಿಪ್: ಅರ್ಧ ವಿಚಾರ ಇಲ್ಲೇ ಇದೆ

ಚೆಂಡನ್ನು ಮುಟ್ಟುವ ಏಕೈಕ ಭಾಗ ಇದು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಫ್ರಾಂಸ್ವಾ ಮಿಂಗೋ ಕ್ಯೂಗೆ ಚರ್ಮದ ಟಿಪ್ ಹಾಕಿ ತೋರಿಸಿದ ಮೇಲೆಯೇ ಚೆಂಡಿಗೆ ಮನಬಂದಂತೆ ಸ್ಪಿನ್ ಕೊಡುವ ಆಟ ಬೆಳೆದದ್ದು.

ಇಂದಿನ ಟಿಪ್‌ಗಳಲ್ಲಿ ಎರಡು ಮುಖ್ಯ ಬಗೆ. ಒಂದೇ ತುಂಡು ಚರ್ಮವನ್ನು ಒತ್ತಿ ಮಾಡಿದವು ಒಂದು ಬಗೆ. ತೆಳ್ಳಗಿನ ಹಂದಿಚರ್ಮದ ಪದರಗಳನ್ನು ಅಂಟಿಸಿ ಮಾಡಿದವು ಇನ್ನೊಂದು. ಕಾಮುಯಿ, ಮೂರಿ ಎಂಬ ಜಪಾನಿ ಹೆಸರುಗಳನ್ನು ಕೇಳಿದ್ದರೆ ಅವು ಈ ಎರಡನೆಯ ಬಗೆಯವು. ಪದರದ ಟಿಪ್‌ಗಳು ಒಂದಕ್ಕೊಂದು ಹೆಚ್ಚು ಏಕರೂಪ. ಒಂದೇ ತುಂಡಿನವು ಅಗ್ಗ, ಆದರೆ ಒಂದೇ ಡಬ್ಬಿಯ ಎರಡು ಟಿಪ್ ಒಂದೇ ತರ ಇರುತ್ತವೆಂಬ ಭರವಸೆ ಇಲ್ಲ. ಬ್ರೇಕ್ ಹೊಡೆತಕ್ಕೆಂದೇ, ಅಂದರೆ ಆಟ ಶುರುಮಾಡುವ ಮೊದಲ ಹೊಡೆತಕ್ಕೆಂದೇ, ಇಡುವ ಕ್ಯೂಗಳಲ್ಲಿ ಫೀನಾಲಿಕ್ ಎಂಬ ಗಟ್ಟಿ ರಾಳದ ಟಿಪ್ ಇರುತ್ತದೆ.

ಗಡಸುತನ ಹೆಚ್ಚಿದಷ್ಟೂ ಸ್ಪರ್ಶದ ಕಾಲ ಕಡಿಮೆ, ಸದ್ದು ಚುರುಕು, ಕೈಗೆ ಬರುವ ಕಂಪನ ಹರಿತ. ಮೆತ್ತಗಿದ್ದರೆ ಸದ್ದು ಮಂದ, ಅನುಭವ ದಪ್ಪ. ಶಕ್ತಿಯಲ್ಲಿಯೂ ವ್ಯತ್ಯಾಸ ಇದೆ: ಚರ್ಮದಿಂದ ಫೀನಾಲಿಕ್‌ಗೆ ಹೋದರೆ ಅದೇ ಬೀಸಿಗೆ ಚೆಂಡಿನ ವೇಗ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಎರಡು ಔನ್ಸ್ ತೂಕ ಕೊಡುವ ಲಾಭಕ್ಕೆ ಇದನ್ನು ಹೋಲಿಸಿ ನೋಡಿ. ತೂಕದ ಬಗ್ಗೆ ಜಗಳವಾಡುವವರು ಟಿಪ್ ಬಗ್ಗೆ ಮಾತೇ ಆಡುವುದಿಲ್ಲ.

ಈಗ ಎಲ್ಲರೂ ಎಡವುವ ಜಾಗ: ಮೆತ್ತಗಿನ ಟಿಪ್ ಹೆಚ್ಚು ಸ್ಪಿನ್ ಕೊಡುತ್ತದೆ ಎಂಬ ಮಾತು. ಸ್ಪಿನ್ ನಿರ್ಧಾರವಾಗುವುದು ಚೆಂಡಿನ ನಡುವಿನಿಂದ ನೀವು ಎಷ್ಟು ದೂರ ಹೊಡೆದಿರಿ ಎಂಬುದರಿಂದ. ಚಾಕ್ ಸರಿಯಾಗಿ ಹಿಡಿದು ಟಿಪ್ ಜಾರದಿದ್ದರೆ ಮೆತ್ತಗಿನದೂ ಗಟ್ಟಿಯದೂ ಅದೇ ಜಾಗಕ್ಕೆ ಹೆಚ್ಚು ಕಡಿಮೆ ಅದೇ ಸ್ಪಿನ್ ಕೊಡುತ್ತವೆ. ಮೆತ್ತಗಿನದು ಚಾಕ್ ಅನ್ನು ಸುಲಭವಾಗಿ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಆಟಗಾರರು ಧೈರ್ಯವಾಗಿ ಅಂಚಿಗೆ ಹೊಡೆಯುತ್ತಾರೆ. ಧೈರ್ಯದ ಫಲವನ್ನು ಟಿಪ್‌ಗೆ ಕೊಡುತ್ತಾರೆ.

ಎಷ್ಟು ಅಂಚಿಗೆ ಹೋಗಬಹುದು? ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ. ನಡುವಿನಿಂದ ತ್ರಿಜ್ಯದ ಅರ್ಧದಷ್ಟು, ಅಂದರೆ ಸುಮಾರು 14 ಮಿ.ಮೀ. ದಾಟಿದರೆ ಟಿಪ್ ಜಾರುತ್ತದೆ. ಇದೇ ಮಿಸ್‌ಕ್ಯೂ. ಪರೀಕ್ಷಿಸಲು ಪಟ್ಟೆ ಚೆಂಡನ್ನು ಬಿಳಿ ಚೆಂಡಿನ ಬದಲಿಗೆ ಇಡಿ, ಪಟ್ಟೆ ನೆಟ್ಟಗೆ ನಿಂತು ನಿಮ್ಮ ಕಡೆ ಮುಖ ಮಾಡಿರಲಿ. ಚೆನ್ನಾಗಿ ಚಾಕ್ ಹಚ್ಚಿ ಪಕ್ಕಕ್ಕೆ ಹೊಡೆಯಿರಿ, ಚೆಂಡನ್ನು ಎತ್ತಿ ನೋಡಿ. ಬಣ್ಣದ ಚುಕ್ಕೆ ಬಿದ್ದಿರುವ ಜಾಗ ನೀವು ಹೊಡೆದೆ ಎಂದುಕೊಂಡ ಜಾಗಕ್ಕಿಂತ ಒಳಗೇ ಇರುವುದು ಸಾಮಾನ್ಯ. ಟಿಪ್‌ನ ಗುಂಡುತನದಿಂದಾಗಿ ಅದರ ನೆತ್ತಿಯಲ್ಲ, ಭುಜ ಚೆಂಡಿಗೆ ತಾಗುತ್ತದೆ. ಚಪ್ಪಟೆಯಾದಷ್ಟೂ ತಾಗುವ ಬಿಂದು ಟಿಪ್‌ನ ಅಂಚಿನತ್ತ ಸರಿಯುತ್ತದೆ, ಆಟ ಅಂದಾಜಿಗೆ ಸಿಗುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಟಿಪ್ ಹೊಳೆಯುತ್ತಿದ್ದರೆ ಶೇಪರ್‌ನಿಂದ ಹಗುರವಾಗಿ ಕುಟ್ಟಿ ಒರಟು ಮಾಡಿ. ಅಂಚು ಅಣಬೆಯಂತೆ ಹೊರಗೆ ಉಬ್ಬಿದ್ದರೆ ಫೆರೂಲ್‌ಗೆ ಸಮನಾಗುವಂತೆ ಕತ್ತರಿಸಿಕೊಳ್ಳಿ. ಬದಲಿಸುವಾಗ ಒಂದು ದರ್ಜೆ ಮಾತ್ರ ಮೇಲೆ ಅಥವಾ ಕೆಳಗೆ ಹೋಗಿ. ಒಂದು ಕಂಪನಿಯ ‘ಮೀಡಿಯಂ’ ಇನ್ನೊಂದರ ‘ಹಾರ್ಡ್’ ಆಗಿರಬಹುದು. ಇವಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಹೊಸ ಚರ್ಮ ಆಡುತ್ತಾ ಆಡುತ್ತಾ ಒತ್ತಿಕೊಂಡು ಗಟ್ಟಿಯಾಗುತ್ತದೆ. ಮೊದಲ ದಿನದ ತೀರ್ಪನ್ನು ಪೆನ್ಸಿಲ್‌ನಲ್ಲಿ ಬರೆದಿಡಿ.

4. ಫೆರೂಲ್ ಮತ್ತು ಶಾಫ್ಟ್‌ನ ಮೂತಿ

ಬಲಕ್ಕೆ ಸ್ಪಿನ್ ಕೊಡಲು ಚೆಂಡಿನ ಬಲಭಾಗಕ್ಕೆ ಹೊಡೆದರೆ, ಚೆಂಡು ಕ್ಯೂ ತೋರಿದ ದಿಕ್ಕಿಗೆ ನೆಟ್ಟಗೆ ಹೋಗುವುದಿಲ್ಲ, ಸ್ವಲ್ಪ ಎಡಕ್ಕೆ ಸಿಡಿಯುತ್ತದೆ. ಇದನ್ನು ಸ್ಕ್ವರ್ಟ್ ಅಥವಾ ಡಿಫ್ಲೆಕ್ಷನ್ ಎನ್ನುತ್ತಾರೆ. ಕಾರಣ ಸರಳ. ತಾಗಿದ ಕ್ಷಣದಲ್ಲಿ ಚೆಂಡು ತಿರುಗಲು ಶುರುಮಾಡಿ ಟಿಪ್ ಅನ್ನು ಪಕ್ಕಕ್ಕೆ ತಳ್ಳುತ್ತದೆ. ಕ್ಯೂನ ಮೂತಿ ಭಾರವಿದ್ದಷ್ಟೂ ಅದು ಜಗ್ಗದೆ ಚೆಂಡನ್ನೇ ಎದುರು ದಿಕ್ಕಿಗೆ ತಳ್ಳುತ್ತದೆ.

ಇಲ್ಲಿ ಗಮನಿಸಬೇಕಾದದ್ದು, ಉದ್ದಕ್ಕೆ ಸಾಗುವ ಕಂಪನ ಮೇಪಲ್ ಮರದಲ್ಲಿ ಸೆಕೆಂಡಿಗೆ ಸುಮಾರು 4 ಕಿ.ಮೀ. ವೇಗದಲ್ಲಿ ಓಡಿ ಬುಡ ಮುಟ್ಟಿ ಬರುತ್ತದೆ. ಪಕ್ಕಕ್ಕೆ ಬಾಗುವ ಅಲೆ ನಿಧಾನ. ಚೆಂಡು ತಾಗಿಕೊಂಡಿರುವಷ್ಟರಲ್ಲಿ ಅದು ಮೂತಿಯಿಂದ ಒಂದು ಗೇಣು ಸಾಗಿದರೆ ಹೆಚ್ಚು. ಆದ್ದರಿಂದ ಸ್ಕ್ವರ್ಟ್ ವಿಚಾರದಲ್ಲಿ ಆ ಗೇಣಿನ ಆಚೆಗೆ ಏನಿದ್ದರೂ ಚೆಂಡಿಗೆ ಲೆಕ್ಕವಿಲ್ಲ. ‘ಲೋ ಡಿಫ್ಲೆಕ್ಷನ್’ ಎಂದು ಮಾರುವ ಶಾಫ್ಟ್‌ಗಳ ಗುಟ್ಟು ಇಷ್ಟೇ: ಮೂತಿಯೊಳಗೆ ರಂಧ್ರ ಕೊರೆದು, ಫೆರೂಲ್ ಅನ್ನು ಗಿಡ್ಡ ಮತ್ತು ಹಗುರ ಮಾಡಿ, ವ್ಯಾಸ ಇಳಿಸಿ ಮುಂದಿನ ತೂಕ ಕಳೆಯುವುದು.

ಪರೀಕ್ಷೆ ಹೀಗೆ. ಬಿಳಿ ಚೆಂಡನ್ನು ಮೇಜಿನ ಉದ್ದದ ನಡುಗೆರೆಯ ಮೇಲೆ ಒಂದು ತುದಿಯಲ್ಲಿಡಿ. ಎದುರಿನ ಕುಶನ್‌ನ, ಅಂದರೆ ಮೇಜಿನ ರಬ್ಬರ್ ಅಂಚಿನ, ನಡು ಗುರುತಿಗೆ ಗುರಿಯಿಡಿ. ಈಗ ಕ್ಯೂ ಅನ್ನು ಓರೆ ಮಾಡದೆ, ಇದ್ದಂತೆಯೇ ಸಮಾನಾಂತರವಾಗಿ 1 ಸೆಂ.ಮೀ. ಬಲಕ್ಕೆ ಸರಿಸಿ, ಆದಷ್ಟು ಮಟ್ಟಸವಾಗಿ ಹಿಡಿದು ಜೋರಾಗಿ ಹೊಡೆಯಿರಿ. ಚೆಂಡು ಕುಶನ್ ಮುಟ್ಟಿದ ಜಾಗವನ್ನು ಜೊತೆಗಾರ ಗುರುತಿಸಲಿ. ಇನ್ನೊಂದು ಕ್ಯೂನಿಂದ ಅದೇ ಹೊಡೆತ. 1 ಡಿಗ್ರಿ ಸಿಡಿತ 2 ಮೀಟರ್ ದೂರದಲ್ಲಿ ಸುಮಾರು 3.5 ಸೆಂ.ಮೀ. ಆಗುತ್ತದೆ, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಮೆಲ್ಲಗೆ ಹೊಡೆದರೆ ಅಥವಾ ಬುಡ ಎತ್ತಿದರೆ ಚೆಂಡು ಬಾಗಿ ಮತ್ತೆ ಬಲಕ್ಕೆ ತಿರುಗಿ ಬರುತ್ತದೆ, ಪರೀಕ್ಷೆ ಕೆಡುತ್ತದೆ.

ಮೂತಿ ಹಗುರವಾದಾಗ ಹದವೂ ಬದಲಾಗುತ್ತದೆ: ಸದ್ದು ಟೊಳ್ಳಾಗುತ್ತದೆ, ಹೊಡೆತ ‘ಸತ್ತಂತೆ’ ಎಂಬ ಮಾತು ಬರುತ್ತದೆ. ಕಾರ್ಬನ್ ಫೈಬರ್ ಶಾಫ್ಟ್‌ನಲ್ಲಿ ಇದು ಇನ್ನೂ ಸ್ಪಷ್ಟ, ಏಕೆಂದರೆ ಅದೊಂದು ಕೊಳವೆ. ಸದ್ದು ಅಡಗಿಸಲು ಒಳಗೆ ನೊರೆಯಂಥ ವಸ್ತು ತುಂಬಿರುತ್ತಾರೆ. ಸೊಟ್ಟಗಾಗದು, ತಗ್ಗು ಬೀಳದು, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಆದರೆ ಕಡಿಮೆ ಸಿಡಿಯುವ ಶಾಫ್ಟ್ ನಿಮ್ಮ ಗುರಿಯನ್ನು ತಾನಾಗಿ ಸರಿಪಡಿಸುವುದಿಲ್ಲ. ಹಳೆಯ ಶಾಫ್ಟ್‌ಗೆ ಹೊಂದಿಕೊಂಡು ನೀವು ಅರಿವಿಲ್ಲದೆ ಮಾಡುತ್ತಿದ್ದ ತಿದ್ದುಪಡಿ ಈಗ ಹೆಚ್ಚಾಗಿ, ಕೆಲವು ವಾರ ಸುಲಭದ ಹೊಡೆತಗಳೂ ತಪ್ಪುತ್ತವೆ.

5. ವ್ಯಾಸ ಮತ್ತು ಟೇಪರ್

ಸಾಂಪ್ರದಾಯಿಕ ಪೂಲ್ ಶಾಫ್ಟ್‌ನ ಮೂತಿ 13 ಮಿ.ಮೀ. ಸುಮಾರು, ಈಗಿನವು 12ರ ಆಸುಪಾಸಿಗೂ ಇಳಿದಿವೆ. ಒಂದು ಮಿಲಿಮೀಟರ್‌ನಲ್ಲಿ ಏನಿದೆ ಎನ್ನಬೇಡಿ. ಗಟ್ಟಿ ಕೋಲಿನ ಬಿಗುಪು ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ, ಹಾಗಾಗಿ ಅದೇ ಮರದ 13 ಮಿ.ಮೀ. ಕೋಲು 12 ಮಿ.ಮೀ. ಕೋಲಿಗಿಂತ ಸುಮಾರು ಶೇಕಡಾ 38 ಹೆಚ್ಚು ಬಿಗಿ.

ಟೇಪರ್ ಎಂದರೆ ಮೂತಿಯಿಂದ ಜಾಯಿಂಟ್‌ನವರೆಗೆ ಶಾಫ್ಟ್ ದಪ್ಪವಾಗುತ್ತಾ ಹೋಗುವ ರೀತಿ. ಪ್ರೊ ಟೇಪರ್‌ನಲ್ಲಿ ಮೊದಲ 10–14 ಇಂಚು ಒಂದೇ ವ್ಯಾಸ, ಬೆರಳುಗಳ ನಡುವೆ ಅಡೆತಡೆಯಿಲ್ಲದೆ ಜಾರುತ್ತದೆ, ಹೊಡೆತದಲ್ಲಿ ತುಸು ಬಳುಕು ಇರುತ್ತದೆ. ಶಂಕುವಿನಾಕಾರದ್ದು ಮೂತಿಯಿಂದಲೇ ದಪ್ಪವಾಗತೊಡಗುತ್ತದೆ. ಅನುಭವ ಬಿಗಿ, ಆದರೆ ಉದ್ದ ಬೀಸುವವರಿಗೆ ಬೆರಳಿನ ಉಂಗುರ ಬಿಗಿಯಾಗುತ್ತಾ ಹೋಗುವುದು ಕಿರಿಕಿರಿ. ಕ್ಯಾಲಿಪರ್ ಹಿಡಿದು ಮೂತಿಯಲ್ಲಿ, ಅಲ್ಲಿಂದ 15, 30 ಸೆಂ.ಮೀ. ದೂರದಲ್ಲಿ ಅಳೆದರೆ ನಿಮ್ಮದು ಯಾವುದು ಎಂದು ತಿಳಿಯುತ್ತದೆ.

ಶಾಫ್ಟ್ ಅಂಟಂಟಾಗಿದೆ ಎಂದು ಮರಳು ಕಾಗದದಿಂದ ತಿಕ್ಕಬೇಡಿ. ಪ್ರತಿ ಸಲವೂ ವ್ಯಾಸ ಸವೆಯುತ್ತದೆ, ಕಳೆದದ್ದು ಮರಳಿ ಬರುವುದಿಲ್ಲ. ತುಸು ತೇವದ ಬಟ್ಟೆ, ತಕ್ಷಣ ಒಣ ಬಟ್ಟೆ, ಅಷ್ಟು ಸಾಕು. ಕಾರ್ಬನ್ ಶಾಫ್ಟ್ ಅನ್ನಂತೂ ತಿಕ್ಕಲೇಬಾರದು. ಅದರ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

6. ಜಾಯಿಂಟ್, ಬಟ್, ರ‍್ಯಾಪ್

ಇಲ್ಲಿ ವೇಗವಾಗಿ ಮುಂದೆ ಹೋಗೋಣ, ಏಕೆಂದರೆ ಮಾತು ಹೆಚ್ಚು, ತಿರುಳು ಕಡಿಮೆ. ಜಾಯಿಂಟ್‌ನ ಮುಖಗಳು ಸಂದಿಲ್ಲದೆ ಕೂಡಿದ್ದರೆ ಚೆಂಡಿನ ಮಟ್ಟಿಗೆ ಕೆಲಸ ಮುಗಿಯಿತು. ಸ್ಟೀಲ್ ಜಾಯಿಂಟ್ ನಡುವಿಗೆ ತೂಕ ಸೇರಿಸಿ ಸಮತೋಲವನ್ನು ಮುಂದಕ್ಕೆ ಎಳೆಯುತ್ತದೆ, ಸದ್ದನ್ನು ಸ್ವಲ್ಪ ಬದಲಿಸುತ್ತದೆ. ಮರಕ್ಕೆ ಮರ ಕೂಡಿದಲ್ಲಿ ಕಂಪನ ಕೈಗೆ ನಯವಾಗಿ ಬರುತ್ತದೆ ಎನ್ನುತ್ತಾರೆ. ನನಗೆ ಅದು ಟಿಪ್ ಬದಲಾದಾಗ ಆಗುವ ವ್ಯತ್ಯಾಸದ ಮುಂದೆ ಏನೂ ಅಲ್ಲ ಎನಿಸುತ್ತದೆ.

ಬಟ್‌ನ ಮರ ಭಾರದ್ದೋ ಹಗುರದ್ದೋ ಎಂಬುದು ತೂಕ ಹಂಚಿಕೆಯ ವಿಚಾರ. ರ‍್ಯಾಪ್ ಮಾತ್ರ ನೇರವಾಗಿ ಚರ್ಮಕ್ಕೆ ತಾಗುತ್ತದೆ. ನಾರಿನ ದಾರ ಬೆವರು ಹೀರುತ್ತದೆ, ಚರ್ಮ ಹಿಡಿತ ಕೊಡುತ್ತದೆ, ರಬ್ಬರ್ ಕಂಪನವನ್ನು ನುಂಗುತ್ತದೆ. ಕೈ ಜುಮ್ಮೆನ್ನುವವರು ಮೊದಲು ಹಿಡಿತ ಸಡಿಲಿಸಿ ನೋಡಲಿ. ಬಿಗಿಮುಷ್ಟಿಯ ಕೈಗೆ ಯಾವ ಕ್ಯೂ ಆದರೂ ಒರಟೇ.

7. ಕಣ್ಣು, ಕಿವಿ ಮುಚ್ಚಿ ತೀರ್ಪು

ಎರಡು ಕ್ಯೂಗಳ ಜಾಯಿಂಟ್ ಮತ್ತು ಬಟ್ ಮೇಲೆ ಕಾಗದ ಸುತ್ತಿಸಿ. ಟಿಪ್ ಎರಡರಲ್ಲೂ ಒಂದೇ ಬಗೆಯದಿರಲಿ, ತೂಕವೂ ಹತ್ತಿರ ಹತ್ತಿರ ಇರಲಿ. ನಿಮಗೆ ಗೊತ್ತಾಗದ ಕ್ರಮದಲ್ಲಿ ಜೊತೆಗಾರ ಕೊಡುತ್ತಾ ಹೋಗಲಿ. ಪ್ರತಿಯೊಂದರಿಂದ ಅದೇ ನೇರ ಹೊಡೆತ ಹೊಡೆದು ‘ಮೊದಲನೆಯದು’ ಅಥವಾ ‘ಎರಡನೆಯದು’ ಎಂದು ಹೇಳಿ. ಅವರು ಬರೆದುಕೊಳ್ಳಲಿ, ನಡುವೆ ಸರಿ ತಪ್ಪು ಹೇಳಬಾರದು. ಆಮೇಲೆ ಇಯರ್‌ಪ್ಲಗ್ ಹಾಕಿ ಮತ್ತೆ ಅದನ್ನೇ ಮಾಡಿ.

ಕಿವಿ ತೆರೆದಾಗ ಸರಿಯಾಗಿ ಗುರುತಿಸಿ, ಮುಚ್ಚಿದಾಗ ಊಹೆಗೆ ಇಳಿದಿದ್ದರೆ, ನೀವು ಹದ ಎನ್ನುತ್ತಿದ್ದದ್ದು ಬಹುಪಾಲು ನಾದ. ಅದರಲ್ಲಿ ತಪ್ಪೇನಿಲ್ಲ, ಇಷ್ಟವಾದ ನಾದ ಆಟಗಾರನಿಗೆ ನೆಮ್ಮದಿ ಕೊಡುತ್ತದೆ. ಆದರೆ ನಾದ ಬೇಕಿದ್ದರೆ ಟಿಪ್ ಮತ್ತು ಫೆರೂಲ್ ಸಾಕು, ಹೊಸ ಕ್ಯೂ ಬೇಕಿಲ್ಲ. ಎರಡೂ ಸಲ ಗುರುತಿಸಿದ್ದರೆ ಬಿಗುಪು ಅಥವಾ ಸಮತೋಲದಲ್ಲಿ ನಿಜವಾದ ವ್ಯತ್ಯಾಸವಿದೆ ಎಂದು ತಿಳಿಯಿರಿ.

ಬದಲಿಸುವ ಕ್ರಮ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೊದಲು ಟಿಪ್, ಅನಂತರ ತೂಕದ ಬೋಲ್ಟ್, ಆಮೇಲೂ ಸಮಾಧಾನವಿಲ್ಲದಿದ್ದರೆ ಶಾಫ್ಟ್. ಬಟ್ ಅನ್ನು ಅಂದಕ್ಕಾಗಿ ಬದಲಿಸಿ, ಆಟಕ್ಕಾಗಿ ಬೇಡ. ಟಿಪ್ ಅಂಟಿಸುವ ಕೆಲಸವನ್ನು ಲೇತ್ ಇರುವವರಿಗೆ ಒಪ್ಪಿಸುವುದು ಮೇಲು: ಫೆರೂಲ್‌ನ ಮುಖ ಸಮತಟ್ಟಾಗಿಲ್ಲದಿದ್ದರೆ ಎಷ್ಟು ಒಳ್ಳೆಯ ಟಿಪ್ ಆದರೂ ಒಂದು ಕಡೆ ಅಂಟು ಬಿಟ್ಟು ಸದ್ದು ಕೆಡುತ್ತದೆ.

ಶಾಫ್ಟ್ ತರಿಸುವ ಮುನ್ನ ಎರಡು ಅಳತೆ ಖಚಿತಪಡಿಸಿಕೊಳ್ಳಿ. ಒಂದು, ಜಾಯಿಂಟ್ ಪಿನ್. 3/8-10 ಎಂದರೆ ಪಿನ್‌ನ ವ್ಯಾಸ ಇಂಚಿನ ಎಂಟರಲ್ಲಿ ಮೂರು ಭಾಗ, ಒಂದು ಇಂಚಿಗೆ 10 ತಿರುಪಿನ ಎಳೆ. 5/16-14, 5/16-18 ಎಂಬವೂ ಹಾಗೆಯೇ. ಇವಲ್ಲದೆ ರೇಡಿಯಲ್, ಯುನಿ-ಲಾಕ್ ಎಂಬ ಬೇರೆ ಬಗೆಗಳಿವೆ. ಎರಡು, ಜಾಯಿಂಟ್‌ನ ಹೊರವ್ಯಾಸ. ಅದು ಹೊಂದದಿದ್ದರೆ ಕೂಡಿದ ಜಾಗದಲ್ಲಿ ಬೆರಳಿಗೆ ಮೆಟ್ಟಿಲು ಸಿಗುತ್ತದೆ. ತಿರುಗಿಸುವಾಗ ಮೊದಲ ಎರಡು ಸುತ್ತು ಬೆರಳ ತುದಿಯಲ್ಲಿ ಸಲೀಸಾಗಿ ಹೋಗದಿದ್ದರೆ ಅಲ್ಲೇ ನಿಲ್ಲಿಸಿ, ಬಿಚ್ಚಿ, ಪಿನ್ ಅಳತೆಯನ್ನು ಮತ್ತೊಮ್ಮೆ ಓದಿ. ಬಲ ಹಾಕಿದರೆ ಶಾಫ್ಟ್‌ನೊಳಗಿನ ಎಳೆಗಳು ಹರಿಯುತ್ತವೆ, ಹಿಂದಿರುಗಿಸಲು ಹೋದರೆ ಯಾರೂ ತೆಗೆದುಕೊಳ್ಳುವುದಿಲ್ಲ.